ಮದ್ದಿಲ್ಲದ ಚಟಕ್ಕೆ ಬಹುಮಾನದ ಚಿಕಿತ್ಸೆ

ಎಂಡಿಎಂಎ (ಉತ್ತೇಜಕ ಮಾದಕ ವಸ್ತು) ಸಹಿತ ಯುವಕರ ಬಂಧನ ಎಂಬ ಸುದ್ದಿ ಕಾಸರಗೋಡಿನಲ್ಲಿ ಈಗ ಮಾಮೂಲು. ಅವರ ಚಟ ಬಿಡಿಸುವುದು ಹೇಗೆಂಬ ಮಾತು ಮಾತ್ರ ಅಪರೂಪ. ಕುಡಿತಕ್ಕೆ ನಾಲ್ಟ್ರೆಕ್ಸೋನ್ ಎಂಬ ಮದ್ದು ಇದೆ, ಹೆರಾಯಿನ್‌ಗೆ ಬುಪ್ರೆನಾರ್ಫಿನ್ ಇದೆ. ಕೊಕೇನ್, ಮೆಥ್ (ಮೆಥಾಂಫೆಟಮಿನ್) ನಂತಹ ಉತ್ತೇಜಕಗಳ ಚಟಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಂದು ಗುಳಿಗೆಗೂ ಒಪ್ಪಿಗೆ ಕೊಟ್ಟಿಲ್ಲ.

ಆ ಕೊರತೆಯಲ್ಲೇ ಹುಟ್ಟಿದ್ದು ಬಹುಮಾನದ ಚಿಕಿತ್ಸೆ. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾಲಯದ ಸ್ಟೀಫನ್ ಹಿಗ್ಗಿನ್ಸ್ 1990ರ ದಶಕದ ಆರಂಭದಲ್ಲಿ ಕೊಕೇನ್ ವ್ಯಸನಿಗಳ ಮೂತ್ರವನ್ನು ವಾರಕ್ಕೆ ಮೂರು ಸಲ ಪರೀಕ್ಷಿಸಿದರು. ಕೊಕೇನ್ ಕಾಣದಿದ್ದರೆ ಎರಡೂವರೆ ಡಾಲರಿನ ಕೂಪನ್. ಮುಂದಿನ ಸಲ ಇನ್ನಷ್ಟು ಹೆಚ್ಚು. ಒಮ್ಮೆ ಜಾರಿದರೆ ಮತ್ತೆ ಮೊದಲಿನ ಮೊತ್ತದಿಂದ ಆರಂಭ. ನಗದು ಕೊಡುತ್ತಿರಲಿಲ್ಲ, ಬೇಕಾದ ಸಾಮಾನು ಕೊಡಿಸುತ್ತಿದ್ದರು. 1994ರ ಅಧ್ಯಯನದಲ್ಲಿ ಕೂಪನ್ ಸಿಕ್ಕವರಲ್ಲಿ ಶೇ. 75 ಮಂದಿ ಚಿಕಿತ್ಸೆ ಪೂರ್ತಿಗೊಳಿಸಿದರು, ಸಿಗದವರಲ್ಲಿ ಶೇ. 40. ಅಮಲಿನ ಸುಖ ಆ ಕ್ಷಣದ್ದು, ಬಿಟ್ಟರೆ ಸಿಗುವ ಆರೋಗ್ಯ ತಿಂಗಳುಗಳಾಚೆಯದು. ಆ ನಡುವಿನ ದಿನಗಳಿಗೆ ಕೂಪನ್ ಆಸರೆ.

ಖರ್ಚು ತಗ್ಗಿಸಲು ಕನೆಕ್ಟಿಕಟ್‌ನ ನ್ಯಾನ್ಸಿ ಪೆಟ್ರಿ, ಪರೀಕ್ಷೆಯಲ್ಲಿ ಅಮಲು ಕಾಣದಿದ್ದರೆ ಚೀಟಿ ಎತ್ತುವ ವಿಧಾನ ತಂದರು. ಬುಟ್ಟಿಯಲ್ಲಿ ಐನೂರು ಚೀಟಿ. ಅರ್ಧದಲ್ಲಿ ಬರಿಯ ಶಹಬ್ಬಾಸ್, ಉಳಿದವುಗಳಲ್ಲಿ ಹೆಚ್ಚಿನವು ಸಣ್ಣಪುಟ್ಟ ವಸ್ತು, ಎಲ್ಲಕ್ಕಿಂತ ದೊಡ್ಡ ಬಹುಮಾನ ಒಂದೇ. ಮನೆಮನೆಯಲ್ಲೂ ಲಾಟರಿ ಟಿಕೆಟ್ ಕಂಡ ನಮಗೆ ಇದು ಜೂಜಿನ ಚಟ ಹಿಡಿಸೀತೆಂಬ ಭಯ ಸಹಜ. ಸ್ವತಃ ಜೂಜಿನ ಚಟದ ಸಂಶೋಧಕಿಯಾಗಿದ್ದ ಪೆಟ್ರಿ ಅದನ್ನೂ ಪರೀಕ್ಷಿಸಿ ನೋಡಿದರು, ಜೂಜಾಟ ಹೆಚ್ಚಿರಲಿಲ್ಲ.

ಇಷ್ಟಿದ್ದೂ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಿಗೆ ಇದು ವ್ಯಾಪಕವಾಗಿ ಬಂದದ್ದು 2011ರಲ್ಲಿ, ಕ್ಯಾಲಿಫೋರ್ನಿಯಾದ ಬಡವರ ಆರೋಗ್ಯ ಯೋಜನೆಗೆ 2023ರಲ್ಲಿ. ಅಮಲು ಸೇವಿಸದಿದ್ದುದಕ್ಕೂ ದುಡ್ಡೇ ಎಂಬ ಆಕ್ಷೇಪ ದೊಡ್ಡ ಅಡ್ಡಿಯಾಗಿತ್ತು. ನನಗಂತೂ ಆ ಆಕ್ಷೇಪ ಒಪ್ಪಿಗೆಯಾಗದು. ಒಬ್ಬ ಹುಡುಗನನ್ನು ಜೈಲಿನಲ್ಲಿಡುವುದಕ್ಕೂ ನಾವೇ ದುಡ್ಡು ಕೊಡುತ್ತೇವೆ. ಬಹುಮಾನ ನಿಂತ ಮೇಲೆ ಕೆಲವರು ಮರಳಿ ಜಾರುತ್ತಾರೆ, ನಿಜ. ಅದಕ್ಕೆಂದೇ ಜೊತೆಗೆ ಆಪ್ತಸಲಹೆ ಬೇಕು.

ನಮ್ಮ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ, ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಕೇರಳದ ವಿಮುಕ್ತಿ ಯೋಜನೆಯಲ್ಲಿ ವ್ಯಸನಮುಕ್ತಿ ಕೇಂದ್ರಗಳೂ ಇವೆ, ನಮ್ಮ ಜಿಲ್ಲೆಯದು ನೀಲೇಶ್ವರದಲ್ಲಿ. ಆದರೆ ವಾರಕ್ಕೆರಡು ಮೂರು ಪರೀಕ್ಷೆ ಬೇಡುವ ಈ ಚಿಕಿತ್ಸೆಗಾಗಿ ಪೈವಳಿಕೆಯ ಹುಡುಗ ಅಷ್ಟು ದೂರ ಹೋಗಿಬರಲಾರ. ಅವನಿಗೆ ಹತ್ತಿರದ ಮಂಗಲ್ಪಾಡಿಯ ತಾಲೂಕು ಆಸ್ಪತ್ರೆಯಲ್ಲೇ ಪರೀಕ್ಷಾ ಕಿಟ್, ಕೂಪನ್, ಕನ್ನಡ ಬಲ್ಲ ಒಬ್ಬ ಆಪ್ತಸಲಹೆಗಾರ ಇದ್ದರೆ ಆರಂಭಿಸಲು ಸಾಕು.