ಗ್ರೀನ್ ಕಾರ್ಡ್ ಸಾಲಿನಲ್ಲಿ ನೋಡುವುದು ಹುಟ್ಟಿದ ದೇಶ

"ಮಗ ಕೆನಡಾ ಪೌರತ್ವ ತಗೊಂಡರೆ ಅಮೆರಿಕದ ಗ್ರೀನ್ ಕಾರ್ಡ್ ಬೇಗ ಸಿಗುತ್ತೆ ಅಲ್ವಾ ಮೇಡಂ?" ಜಯನಗರದ ನನ್ನ ಕಚೇರಿಗೆ ಬರುವ ತಂದೆ ತಾಯಂದಿರು ಇದನ್ನು ಆಗಾಗ ಕೇಳುತ್ತಾರೆ. ಸಿಗುವುದಿಲ್ಲ. ಅಲ್ಲಿನ ಕಾನೂನು ಪಾಸ್‌ಪೋರ್ಟ್ ನೋಡುವುದಿಲ್ಲ, ಹುಟ್ಟಿದ ದೇಶ ನೋಡುತ್ತದೆ. ಬೆಂಗಳೂರಲ್ಲಿ ಹುಟ್ಟಿದವರು ಯಾವ ದೇಶದ ಪೌರರಾದರೂ ಭಾರತದ ಸಾಲಿನಲ್ಲೇ ನಿಲ್ಲಬೇಕು. ಹೆಚ್ಚಿನವರಿಗೆ ಇರುವುದು ಒಂದೇ ದಾರಿ. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಲೆಕ್ಕದಲ್ಲಿ ಇಬ್ಬರೂ ಅರ್ಜಿ ಹಾಕಬಹುದು. ದುಬೈ, ಮಸ್ಕತ್‌ನಲ್ಲಿ ಹುಟ್ಟಿ ಇಲ್ಲಿ ಬೆಳೆದ ಸೊಸೆ, ಅಳಿಯಂದಿರು ನಮ್ಮ ಮನೆಗಳಲ್ಲಿ ಎಷ್ಟೋ ಜನ ಇದ್ದಾರೆ. ಅದಕ್ಕೇ ಮೊದಲು ಇಬ್ಬರ ಜನನ ಪ್ರಮಾಣಪತ್ರವನ್ನೂ ತರಿಸಿಕೊಳ್ಳುತ್ತೇನೆ.

ಸಾಲು ಇಷ್ಟು ಉದ್ದ ಆಗಿದ್ದು 1990ರ ಕಾನೂನಿನಿಂದ. ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಅರ್ಜಿದಾರರ ಹೆಂಡತಿ, ಗಂಡ, ಮಕ್ಕಳೂ ಅದರಲ್ಲೇ ಸೇರುತ್ತಾರೆ. ಒಂದು ದೇಶದಲ್ಲಿ ಹುಟ್ಟಿದವರಿಗೆ ಶೇ 7 ಮಿತಿ. ಐಸ್‌ಲ್ಯಾಂಡ್‌ಗೂ ಅಷ್ಟೇ, ಭಾರತಕ್ಕೂ ಅಷ್ಟೇ. ಬೇರೆಯವರು ಬಳಸದೆ ಬಿಟ್ಟದ್ದು ಸ್ವಲ್ಪ ಸಿಗಬಹುದು. ಆದರೆ ಕೆಲಸಕ್ಕಾಗಿ ತಾತ್ಕಾಲಿಕವಾಗಿ ಕೊಡುವ ಎಚ್-1ಬಿ ವೀಸಾಕ್ಕೆ ದೇಶದ ಮಿತಿಯೇ ಇಲ್ಲ. ವರ್ಷಕ್ಕೆ ಕೊಡುವ ಹೊಸ 85,000ದಲ್ಲಿ ಹೆಚ್ಚಿನ ಪಾಲು ಭಾರತೀಯರದ್ದೇ. ಕೆಲಸಕ್ಕೆ ಕರೆಯುವಾಗ ಕೇಳದ ಹುಟ್ಟೂರನ್ನು ನೆಲೆ ನಿಲ್ಲುವಾಗ ಕೇಳುತ್ತಾರೆ. 2025ರ ಕೊನೆಯಲ್ಲೂ ಇಬಿ-2 ವರ್ಗದಲ್ಲಿ (ಉನ್ನತ ಪದವಿ ಪಡೆದ ವೃತ್ತಿಪರರ ಗ್ರೀನ್ ಕಾರ್ಡ್ ವರ್ಗ) ಭಾರತದ ಸರದಿ 2013ರ ಅರ್ಜಿಗಳಲ್ಲೇ ಇತ್ತು.

ಕಾಯುವಷ್ಟು ದಿನವೂ ನೌಕರಿ ಕಂಪನಿಗೆ ಕಟ್ಟಿಹಾಕಿರುತ್ತದೆ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಪಿಟಿಷನ್ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಾಗಬೇಕು, ಇಲ್ಲವೇ ಹೊರಡಬೇಕು. ಹಾಗಾಗಿ ಸಂಬಳ ಜಾಸ್ತಿ ಕೇಳಲು ಹೆದರಿಕೆ, ಸ್ವಂತ ಕಂಪನಿ ಶುರು ಮಾಡುವ ಧೈರ್ಯ ಇಲ್ಲ. ಇದರಿಂದ ಅಮೆರಿಕದ ನೌಕರರಿಗೂ ನಷ್ಟವೇ. ಪಕ್ಕದಲ್ಲಿ ಕೂತವರು ಸಂಬಳಕ್ಕೆ ಚೌಕಾಸಿ ಮಾಡದಿದ್ದರೆ ಎಲ್ಲರ ಸಂಬಳವೂ ಅಲ್ಲೇ ನಿಲ್ಲುತ್ತದೆ. ಇನ್ನು ಮಕ್ಕಳ ವಿಷಯ. ಇಲ್ಲಿಂದ ಎತ್ತಿಕೊಂಡು ಹೋದ ಮಗು 21 ತುಂಬಿದಾಗ ತಂದೆ ತಾಯಿಯ ಅರ್ಜಿಯಿಂದ ಹೊರಬೀಳುತ್ತದೆ. ವಯಸ್ಸಿನ ಲೆಕ್ಕದಲ್ಲಿ ಕಾನೂನು ಸ್ವಲ್ಪ ವಿನಾಯಿತಿ ಕೊಡುತ್ತದೆ, ಆದರೆ ಇಷ್ಟು ಉದ್ದದ ಸಾಲಿಗೆ ಅದು ಸಾಲುವುದಿಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯ.

ದೇಶದ ಮಿತಿ ತೆಗೆಯುವ ಮಸೂದೆ 2019ರಲ್ಲಿ ಅಲ್ಲಿನ ಕೆಳಮನೆಯಲ್ಲಿ 365–65 ಮತಗಳಿಂದ ಪಾಸಾಯಿತು. 2020ರಲ್ಲಿ ಸೆನೆಟ್ ಬೇರೆ ರೂಪದಲ್ಲಿ ಒಪ್ಪಿತು. ಕಾನೂನು ಮಾತ್ರ ಆಗಲಿಲ್ಲ. ಬರೀ ಮಿತಿ ತೆಗೆದರೆ ಬೇರೆ ದೇಶದವರ ಕಾಯುವಿಕೆ ಹೆಚ್ಚುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದಕ್ಕೇ ಕುಟುಂಬದವರನ್ನು ಆ 1,40,000ದ ಲೆಕ್ಕದಿಂದ ಬಿಡಬೇಕು ಅನ್ನುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಬಂದ 1,00,000 ಡಾಲರ್ ಶುಲ್ಕ ಇಲ್ಲಿಂದ ಹೊಸದಾಗಿ ಹೋಗುವವರಿಗೆ ಹೊಡೆತ. ಸಾಲಿನಲ್ಲಿರುವವರನ್ನು ಅದು ಒಂದು ಹೆಜ್ಜೆಯೂ ಮುಂದೆ ತರುವುದಿಲ್ಲ.

ಅಲ್ಲಿ ಕೆಲಸದಲ್ಲಿರುವವರು ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾದ ಪತ್ರದ ಪ್ರತಿಯನ್ನು ಕಂಪನಿಯಿಂದ ಈಗಲೇ ಕೇಳಿ ಇಟ್ಟುಕೊಳ್ಳಿ. ಕಂಪನಿ ಬದಲಿಸಿದರೂ ಸಾಮಾನ್ಯವಾಗಿ ಹಳೆಯ ಪ್ರಯಾರಿಟಿ ಡೇಟ್, ಅಂದರೆ ಸಾಲಿನಲ್ಲಿ ನಿಮ್ಮ ಜಾಗ ತೋರಿಸುವ ದಿನಾಂಕ, ನಿಮ್ಮದೇ. ಕೆಲಸ ಹೋದ ಮೇಲೆ ಆ ಕಾಗದಕ್ಕಾಗಿ ಎಚ್‌ಆರ್‌ಗೆ ಮೇಲ್ ಹಾಕುತ್ತಾ ಕೂತರೆ 60 ದಿನದಲ್ಲಿ ಅರ್ಧ ಅದಕ್ಕೇ ಹೋಗುತ್ತದೆ.