ವೇಗ ಕಮ್ಮಿಯಾದರೆ ಮೊದಲು ಪ್ರೊಪೆಲ್ಲರ್ ಮುಟ್ಟಿ ನೋಡಿ

ದೋಣಿಯ ವೇಗ ಕಮ್ಮಿಯಾಯಿತು ಅಂದ ಕೂಡಲೇ ಎಲ್ಲರ ಕೈ ಎಂಜಿನ್ ಕಡೆಗೇ ಹೋಗುತ್ತದೆ. ಈಚೆಗೆ ನನ್ನ ಹತ್ತಿರ ಬಂದ ಸ್ಪೀಡ್‌ಬೋಟ್‌ನ ಮಾಲೀಕರೂ ಪ್ಲಗ್, ಫ್ಯೂಯೆಲ್ ಫಿಲ್ಟರ್ ಎಲ್ಲ ಬದಲಿಸಿ ಆಗಿತ್ತು. ಆದರೆ ಫುಲ್ ಥ್ರಾಟಲ್‌ನಲ್ಲಿ ಎಂಜಿನ್ ನಿಮಿಷಕ್ಕೆ 5800ರ ಬದಲು 6100 ಸುತ್ತು ತೋರಿಸುತ್ತಿತ್ತು, ವೇಗ ಮಾತ್ರ ಗಂಟೆಗೆ 80 ಕಿ.ಮೀ.ಯಿಂದ 74ಕ್ಕೆ ಇಳಿದಿತ್ತು. ಎಂಜಿನ್ ಸೋತಿದ್ದರೆ ಸುತ್ತು ಇಳಿಯಬೇಕು, ಅಲ್ವಾ? ಇಲ್ಲಿ ಏರಿದೆ. ಅಂದರೆ ಪ್ರೊಪೆಲ್ಲರ್‌ಗೆ ನೀರಿನ ಹಿಡಿತ ಸಿಗುತ್ತಿಲ್ಲ.

ಪ್ರೊಪೆಲ್ಲರ್ ಮೇಲೆ 21 ಅಂತ ಪಿಚ್ ಕೊರೆದಿತ್ತು. ಮರದೊಳಗೆ ಸ್ಕ್ರೂ ಇಳಿದಂತೆ ನೀರಿನಲ್ಲಿ ಒಂದು ಸುತ್ತಿಗೆ 21 ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ ಅದು. ಇವರ ಗೇರ್ 2:1, ಹಾಗಾಗಿ ಎಂಜಿನ್ 5800 ಸುತ್ತಿದರೆ ಪ್ರೊಪೆಲ್ಲರ್ 2900. ಕಾಗದದ ಮೇಲೆ ಗಂಟೆಗೆ ಸುಮಾರು 93 ಕಿ.ಮೀ. ಬರುತ್ತದೆ, ಜಿಪಿಎಸ್‌ನಲ್ಲಿ 80. ಈ 14% ಕೊರತೆಯೇ ಸ್ಲಿಪ್. ಇದನ್ನು ಸೊನ್ನೆ ಮಾಡಲು ಹೋಗಬೇಡಿ, ಬ್ಲೇಡ್ ನೀರನ್ನು ಹಿಂದಕ್ಕೆ ತಳ್ಳಿದರೆ ತಾನೇ ದೋಣಿ ಮುಂದೆ ಹೋಗುವುದು, ಸ್ಲಿಪ್ ಇಲ್ಲದಿದ್ದರೆ ತಳ್ಳುವ ಬಲವೂ ಇಲ್ಲ. ಆದರೆ ಈಗ ಅದು 24%ಗೆ ಏರಿತ್ತು.

ಬ್ಲೇಡಿನ ಹಿಂದಿನ ಅಂಚಿನ ಮೇಲೆ ಉಗುರು ಎಳೆದು ನೋಡಿದೆ. ಉಗುರು ಸಲೀಸಾಗಿ ಜಾರಿಹೋಯಿತು. ಅಲ್ಲಿ ಚಮಚದ ಅಂಚಿನಂತೆ ಸಣ್ಣದೊಂದು ಬಾಗು ಇರಬೇಕಿತ್ತು, ಅದಕ್ಕೆ ಕಪ್ ಅನ್ನುತ್ತಾರೆ. ಹಿಂದೆ ಯಾರೋ ರಿಪೇರಿ ಮಾಡುವಾಗ ಅಂಚಿನ ಕಚ್ಚುಗಳ ಜೊತೆಗೆ ಅದನ್ನೂ ಉಜ್ಜಿ ಹಾಕಿದ್ದರು. ವೇಗದ ದೋಣಿಯ ಪ್ರೊಪೆಲ್ಲರ್ ನೀರಿನ ಮೇಲ್ಮೈಗೆ ತುಂಬಾ ಹತ್ತಿರ ತಿರುಗುತ್ತದೆ, ತಿರುವಿನಲ್ಲಿ ಗಾಳಿ ಎಳೆದುಕೊಳ್ಳುತ್ತದೆ. ಆಗಲೂ ಹಿಡಿತ ಬಿಡದಂತೆ ನೋಡಿಕೊಳ್ಳುವುದು ಈ ಒಂದೆರಡು ಮಿಲಿಮೀಟರ್ ಬಾಗು.

ಹೀಗೆ ಗಾಳಿ ಎಳೆಯುವುದು ವೆಂಟಿಲೇಷನ್. ಇದನ್ನೇ ಬಹಳ ಜನ ಕ್ಯಾವಿಟೇಷನ್ ಅನ್ನುತ್ತಾರೆ, ಅದು ಬೇರೆಯೇ. ಬ್ಲೇಡಿನ ಮುಂಬದಿಯಲ್ಲಿ ಒತ್ತಡ ವಿಪರೀತ ಇಳಿದಾಗ ತಣ್ಣಗಿನ ನೀರೇ ಕುದಿದು ಗುಳ್ಳೆಯಾಗುತ್ತದೆ, ಆ ಗುಳ್ಳೆಗಳು ಒಡೆಯುವಾಗ ಲೋಹವನ್ನೇ ಕಿತ್ತು ಗುಳಿ ಮಾಡುತ್ತವೆ. ಬ್ರಿಟನ್ನಿನ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ಟರ್ಬಿನಿಯಾ ಹಡಗನ್ನು ನೀರಿಗಿಳಿಸಿದಾಗ ಟರ್ಬೈನ್‌ಗೆ ಶಕ್ತಿಯಿತ್ತು, ವೇಗ ಬರಲಿಲ್ಲ. ಅವರು ಗಾಜಿನ ಕಿಟಕಿಯ ತೊಟ್ಟಿ ಮಾಡಿ ಗುಳ್ಳೆಗಳನ್ನು ಕಣ್ಣಾರೆ ನೋಡಿದರು. ಕೊನೆಗೆ ಮೂರು ಶಾಫ್ಟ್, ಒಂದೊಂದಕ್ಕೂ ಮೂರು ಪ್ರೊಪೆಲ್ಲರ್ ಹಾಕಿ ಹೊರೆ ಹಂಚಿದ ಮೇಲೆ ಅದೇ ಹಡಗು 1897ರಲ್ಲಿ 34 ನಾಟ್ (ಗಂಟೆಗೆ ಸುಮಾರು 63 ಕಿ.ಮೀ.) ದಾಟಿತು.

ಜಾಸ್ತಿ ಪಿಚ್ ಹಾಕಿದರೆ ಜಾಸ್ತಿ ವೇಗ ಅನ್ನುವುದನ್ನೂ ನಂಬಬೇಡಿ. ಔಟ್‌ಬೋರ್ಡ್‌ಗಳಲ್ಲಿ, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಎಂಜಿನ್‌ಗಳಲ್ಲಿ, ಪಿಚ್ ಒಂದು ಇಂಚು ಏರಿದರೆ ಸುಮಾರು 150ರಿಂದ 200 ಸುತ್ತು ಇಳಿಯುತ್ತದೆ. ಎಂಜಿನ್ ತಯಾರಕರು ಹೇಳಿದ ಮಿತಿಗಿಂತ ಕೆಳಗೆ ಬಿದ್ದರೆ ಎಂಜಿನ್ ತಿಣುಕುತ್ತದೆ, ವೇಗವೂ ಹೋಗುತ್ತದೆ. ನೀವು ದಿನಾ ಒಯ್ಯುವಷ್ಟು ಜನ, ಸಾಮಾನು ಇಟ್ಟುಕೊಂಡೇ ಸುತ್ತು ಅಳೆಯಿರಿ, ಖಾಲಿ ದೋಣಿಯ ಲೆಕ್ಕ ಉಪಯೋಗಕ್ಕಿಲ್ಲ. ಸ್ಟೀಲ್ ಬ್ಲೇಡ್ ತೆಳುವಾಗಿದ್ದೂ ಬಾಗದು, ವೇಗಕ್ಕೆ ಅದೇ ಸರಿ. ನಾಲ್ಕನೇ ಬ್ಲೇಡ್ ಹಿಡಿತ ಕೊಡುತ್ತದೆ, ಗರಿಷ್ಠ ವೇಗದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಸಿದುಕೊಳ್ಳುತ್ತದೆ.

ಆ ಪ್ರೊಪೆಲ್ಲರ್‌ಗೆ ಮೂರೂ ಬ್ಲೇಡಿನಲ್ಲಿ ಒಂದೇ ಅಳತೆಗೆ ಕಪ್ ಬಾಗಿಸಿ, ಬ್ಯಾಲೆನ್ಸ್ ಮಾಡಿ ಮತ್ತೆ ಹಾಕಿದೆವು. ಸುತ್ತು 5800ಕ್ಕೆ ಇಳಿಯಿತು, ವೇಗ 80ಕ್ಕೆ ಬಂತು. ಮಾಲೀಕರು ಬೇಕೆಂದೇ ಎರಡು ಸಲ ದೋಣಿಯನ್ನು ಜೋರಾಗಿ ತಿರುಗಿಸಿದರು, ಎಂಜಿನ್ ಸದ್ದು ಒಂದಿಷ್ಟೂ ಬದಲಾಗಲಿಲ್ಲ.