ಅಪ್ಪನಿಗೆ ಕೆಲಸ ಕೊಟ್ಟಿದ್ದೇವಲ್ಲ, ಡಾಕ್ಟರೇ!

ಬೆಳಿಗ್ಗೆ ಹಾಲು ತರುವುದು, ಮೊಮ್ಮಗಳನ್ನು ಸ್ಕೂಲ್ ಬಸ್ ಹತ್ತಿಸುವುದು, ಕೊರಿಯರ್ ಬಂದರೆ ಸಹಿ ಹಾಕುವುದು. "ಸುಮ್ಮನೆ ಕೂರಿಸಿಲ್ಲ ಡಾಕ್ಟರೇ, ಕೆಲಸ ಕೊಟ್ಟಿದ್ದೇವೆ" ಎಂದು ಮಕ್ಕಳು ನನಗೆ ಈ ಪಟ್ಟಿ ಒಪ್ಪಿಸುತ್ತಾರೆ. ಆದರೂ ಅಪ್ಪ ಮಂಕು, ಮೈಕೈ ನೋವು ಬಿಟ್ಟಿಲ್ಲ. ಹಿರಿಯರ ಮನೋವೈದ್ಯನಾದ ನನಗೆ ಈ ಪಟ್ಟಿ ಕೇಳಿ ಕೇಳಿ ರೇಜಿಗೆ ಹುಟ್ಟಿದೆ.

ದಾವಣಗೆರೆ ಕಡೆಯ ಕಿರಾಣಿ ವ್ಯಾಪಾರಿಯೊಬ್ಬರು (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). "ದುಡಿದದ್ದು ಸಾಕು" ಎಂದು ಮಗ ಅಂಗಡಿ ಮುಚ್ಚಿಸಿ ಬೆಂಗಳೂರಿಗೆ ಕರೆತಂದಿದ್ದ. "ಯಾರಿಗೆ ಉದ್ರಿ ಕೊಡಬೇಕು, ಯಾರಿಗೆ ಬೇಡ ಎಂದು ಮುಖ ನೋಡಿಯೇ ತೀರ್ಮಾನಿಸುತ್ತಿದ್ದೆ. ಈಗ ಹಾಲು ನೀಲಿ ಪ್ಯಾಕೆಟ್ಟೋ ಹಸಿರೋ ಎಂದು ಸೊಸೆ ಚೀಟಿ ಬರೆದುಕೊಡುತ್ತಾಳೆ" ಎಂದರು. ಸೊಸೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಇದ್ದ ವಿಷಯ ಹೇಳಿದರು, ಅಷ್ಟೆ.

ಅವರು ಕಳೆದುಕೊಂಡದ್ದು ಹೊತ್ತು ಹೋಗುವ ದಾರಿಯನ್ನಲ್ಲ, ತೀರ್ಮಾನಿಸುವ ಅಧಿಕಾರವನ್ನು. ಇನ್ನೂ ಹತ್ತು ಸಲ ಬೇಕಾದರೂ ಇದನ್ನೇ ಹೇಳುತ್ತೇನೆ. ನೀವು ಕೊಟ್ಟ ಕೆಲಸವನ್ನು ಅವರು ತಮ್ಮ ರೀತಿಯಲ್ಲಿ ಮಾಡಬಹುದೇ? "ಇವತ್ತು ಆಗುವುದಿಲ್ಲ" ಎನ್ನಬಹುದೇ? ಎರಡೂ ಇಲ್ಲವಾದರೆ ಅದು ಬರೀ ಚಾಕರಿ. ತಿಂಗಳ ದಿನಸಿಯನ್ನು ಹಣದ ಸಮೇತ ಅವರಿಗೇ ಬಿಡಿ. ಬೇಳೆ ಎಲ್ಲಿ ಕೊಳ್ಳಬೇಕೆಂಬುದು ಅವರ ತಲೆನೋವಾಗಲಿ. ಆ ತಲೆನೋವು ಒಳ್ಳೆಯದು.

ಅಮ್ಮಂದಿರ ಕಥೆಯೂ ಇದೇ. ಆರಾಮವಾಗಿರಲಿ ಎಂದು ಅಡುಗೆಯವಳನ್ನು ಇಡುತ್ತಾರೆ, ಅಮ್ಮನಿಗೆ ಅಂಗಾಲು ಉರಿ ಶುರುವಾಗುತ್ತದೆ. ಎಲ್ಲರಿಗೂ ಹೀಗಾಗುವುದಿಲ್ಲ, ಒಲೆ ಬಿಟ್ಟದ್ದೇ ಪುಣ್ಯ ಎನ್ನುವವರೂ ಇದ್ದಾರೆ. ಮೊದಲು ಕೇಳಬೇಕು, ಕೇಳುವುದಿಲ್ಲ.

ಹಾಗೆಂದು ನಾಳೆಯೇ ಅಪ್ಪನಿಗೆ ಅಂಗಡಿ ಹಾಕಿಕೊಡಬೇಡಿ. ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಊಟ ಸೇರದೆ ತೂಕ ಇಳಿಯುತ್ತಿದ್ದರೆ ಅದು ಖಿನ್ನತೆ ಇರಬಹುದು. ಅದನ್ನು ಕೆಲಸ ಹಚ್ಚಿ ಓಡಿಸಲಾಗದು. ಥೈರಾಯ್ಡ್, ಬಿ12 ಪರೀಕ್ಷೆಯೂ ಆಗಬೇಕು. ಮರೆವಿನ ರೋಗವೆಂದು ಕರೆತಂದವರಲ್ಲಿ ಕೆಲವರಿಗೆ ಇರುವುದು ಖಿನ್ನತೆಯೇ. ಮಾತ್ರೆಯ ಗುಣ ಕಾಣಲು ವಾರಗಳು ಬೇಕು, ನಾಲ್ಕೇ ದಿನಕ್ಕೆ ನಿಲ್ಲಿಸಬೇಡಿ. "ಸತ್ತರೆ ಸಾಕು" ಎಂಬ ಮಾತು ಬಂದರೆ ಅದೇ ದಿನ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ.

ಬರುವಾಗ ಹಳೆಯ ಔಷಧಿ ಚೀಟಿಗಳನ್ನೆಲ್ಲ ತನ್ನಿ. ಮತ್ತೆ, ನಾನು ಅಪ್ಪನನ್ನು ಕೇಳಿದ ಪ್ರಶ್ನೆಗೆ ದಯವಿಟ್ಟು ನೀವು ಉತ್ತರ ಕೊಡಬೇಡಿ.